ನಿಮಗಿದು ಗೊತ್ತೇ? ಅಮೆರಿಕದ ಅಕ್ರಮ-ಸಕ್ರಮ

ಅಕ್ರಮ-ಸಕ್ರಮ ಎಂದರೇನೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಗರ್ ಹುಕುಂ ಜಮೀನು, ರೆವಿನ್ಯೂ ಸೈಟು, ಪ್ಲ್ಯಾನ್ ಮೀರಿ ಎದ್ದ ಮೂರನೇ ಮಹಡಿ. ಫಾರಂ 50, ಫಾರಂ 53, ಫಾರಂ 57 ಎಂದು ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರು ಒಂದು ಕಡೆ. ‘ಸೆಟ್‌ಬ್ಯಾಕ್ ಬಿಟ್ಟು, ರೂಲ್ಸ್ ಪ್ರಕಾರ ಮನೆ ಕಟ್ಟಿಸಿದ ನಾನೇ ಪೆದ್ದ’ ಎಂದು ಗೊಣಗುವವರು ಇನ್ನೊಂದು ಕಡೆ. ಅಮೆರಿಕದಲ್ಲೂ ನೂರು ವರ್ಷದಿಂದ ಇದೇ ಜಗಳ. ಅಲ್ಲಿ ಸಕ್ರಮವಾಗಬೇಕಿರುವುದು ಗೋಡೆಯಲ್ಲ, ಮನುಷ್ಯ. ಈ ಸಲದ ಅಂಕಣ ಆ ಕಡತದಿಂದ.

● ‘ನಮ್ಮ ಮುತ್ತಜ್ಜ ಕಾನೂನು ಪ್ರಕಾರವೇ ಬಂದಿದ್ದ’ ಎಂಬುದು ಅಮೆರಿಕದ ಊಟದ ಮೇಜಿನ ಮೇಲೆ ಆಗಾಗ ಬೀಳುವ ಮಾತು. ಬಂದಿದ್ದ, ನಿಜ. ಆದರೆ ಆತ ಮುರಿಯಬಹುದಾಗಿದ್ದ ಕಾನೂನು ಆಗ ಇರಲೇ ಇಲ್ಲ ಎನ್ನಬೇಕು. ಯಾರು ಒಳಗೆ ಬರಬಾರದು ಎಂದು ಅಮೆರಿಕದ ಕೇಂದ್ರ ಸರ್ಕಾರ ಮೊದಲು ಕಾನೂನು ಬರೆದದ್ದು 1875ರಲ್ಲಿ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ತಪಾಸಣಾ ಕೇಂದ್ರ ತೆರೆದದ್ದು 1892ರಲ್ಲಿ. 1954ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಅದನ್ನು ದಾಟಿದವರು ಸುಮಾರು 1 ಕೋಟಿ 20 ಲಕ್ಷ. ವಾಪಸ್ ಕಳಿಸಿದ್ದು ನೂರಕ್ಕೆ ಇಬ್ಬರನ್ನು. ಹಡಗಿನಿಂದ ಇಳಿದವರ ಕಣ್ಣಿನ ರೆಪ್ಪೆ ಮಗುಚಿ ಟ್ರಕೋಮಾ ಎಂಬ ಕಣ್ಣುರೋಗ ಇದೆಯೇ ಎಂದು ವೈದ್ಯರು ನೋಡುತ್ತಿದ್ದರು. ಹೆದರಿಕೆಯೆಲ್ಲ ಆ ಪರೀಕ್ಷೆಯದ್ದೇ.

● ಹಾಗಾದರೆ ಅಮೆರಿಕದ ಮೊದಲ ‘ಅಕ್ರಮ ವಲಸಿಗ’ ಯಾರು? ಮೆಕ್ಸಿಕೋದವನಲ್ಲ, ಚೀನಾದವನು. 1882ರ ಚೀನೀ ಬಹಿಷ್ಕಾರ ಕಾನೂನು ಚೀನಾದ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ರೈಲು ಹಳಿ ಹಾಕುವಾಗ ಬೇಕಾಗಿದ್ದ ಕೈಗಳು ಹಳಿ ಹಾಕಿ ಮುಗಿದ ಮೇಲೆ ಬೇಡವಾದವು.

ಬಾಗಿಲು ಮುಚ್ಚಿದರೆ ಕಿಟಕಿ ಹುಡುಕುವವರು ಇದ್ದೇ ಇರುತ್ತಾರೆ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾಗಿ, ಹಿಂದೆಯೇ ಎದ್ದ ಬೆಂಕಿಯಲ್ಲಿ ಊರಿನ ಜನನ ದಾಖಲೆಗಳು ಸುಟ್ಟುಹೋದವು. ‘ನಾನು ಇಲ್ಲೇ ಹುಟ್ಟಿದವನು’ ಎಂದು ಯಾರಾದರೂ ಹೇಳಿದರೆ ಅಲ್ಲವೆನ್ನಲು ಕಾಗದವಿಲ್ಲ. ಹೀಗೆ ನಾಗರಿಕರಾದವರು ಊರಿಗೆ ಹೋಗಿಬಂದು, ಅಲ್ಲಿ ಮಗ ಹುಟ್ಟಿದ ಎಂದು ಬರೆಸುತ್ತಿದ್ದರು. ಆ ಮಗನ ಹೆಸರಿನ ಜಾಗ ಬೇರೆಯವರ ಹುಡುಗನಿಗೆ ಮಾರಾಟವಾಗುತ್ತಿತ್ತು. ಇವರನ್ನು ‘ಕಾಗದದ ಮಕ್ಕಳು’ ಎನ್ನುತ್ತಿದ್ದರು. ಇವರು ಚಾಪೆಯ ಕೆಳಗೆ ತೂರಿದರೆ ಸರ್ಕಾರ ರಂಗೋಲಿಯ ಕೆಳಗೆ ತೂರಿತು. 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಬಂದವರನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ನಿಮ್ಮ ಸಾಲಿನ ಮೂರನೇ ಮನೆ ಯಾರದ್ದು? ಉತ್ತರ ಬಾಯಿಪಾಠ ಮಾಡಲು ಹಡಗಿನಲ್ಲಿ ಚೀಟಿಗಳಿದ್ದವು. ದಡ ಕಾಣುವ ಮೊದಲು ಅವು ಸಮುದ್ರದ ಪಾಲು. ನನ್ನನ್ನೇ ಕೇಳಿದ್ದರೆ ನಮ್ಮ ಹಳ್ಳಿಮನೆಯ ಮೆಟ್ಟಿಲ ಲೆಕ್ಕ ತಪ್ಪಿ ನಿಜವಾದ ಮಗನಾಗಿಯೂ ಫೇಲಾಗುತ್ತಿದ್ದೆ. ಅಲ್ಲಿ ಕಾದು ಕುಳಿತವರು ಮರದ ಗೋಡೆಗಳ ಮೇಲೆ ಕೆತ್ತಿದ ಚೀನೀ ಕವಿತೆಗಳು ಈಗಲೂ ಇವೆ.

● ಅಮೆರಿಕದ ನೆಲದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಎಂಬ 1898ರ ಸುಪ್ರೀಂ ಕೋರ್ಟ್ ತೀರ್ಪು ಹುಟ್ಟಿದ್ದೂ ಇದೇ ಗಲಾಟೆಯಲ್ಲಿ. ಕೇಸು ನಡೆಸಿದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅಡುಗೆಯವರು ವಾಂಗ್ ಕಿಮ್ ಆರ್ಕ್. ಈ ಹುಟ್ಟಿನ ಪೌರತ್ವಕ್ಕೆ ಮಿತಿ ಹಾಕಲು 2025ರ ಜನವರಿ 20ರಂದು ಟ್ರಂಪ್ ಹೊರಡಿಸಿದ ಆದೇಶದಿಂದಾಗಿ ಆ ಹಳೆಯ ಹೆಸರು ಮತ್ತೆ ಕೋರ್ಟುಗಳಲ್ಲಿ ಓಡಾಡಿತು.

● ಕಾನೂನಿನಲ್ಲಿ ಭಾರತ ಎಂಬ ಪದವನ್ನೇ ಬಳಸದೆ ಭಾರತೀಯರನ್ನು ತಡೆಯುವುದು ಹೇಗೆ? ಕೆನಡಾ 1908ರಲ್ಲಿ ಕಂಡುಕೊಂಡ ಉಪಾಯ: ವಲಸಿಗ ತನ್ನ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬರಬೇಕು. ಭಾರತದಿಂದ ಹಾಗೆ ನೇರ ಟಿಕೆಟ್ಟೇ ಸಿಗುತ್ತಿರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದು 376 ಮಂದಿ ವ್ಯಾಂಕೂವರ್ ತಲುಪಿದರು. ಅವರೂ ಕೆನಡಾದವರಂತೆಯೇ ಬ್ರಿಟಿಷ್ ಪ್ರಜೆಗಳು. ಎರಡು ತಿಂಗಳು ಬಂದರಿನಲ್ಲೇ ನಿಲ್ಲಿಸಿ, ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನೆಲ್ಲ ತಿರುಗಿ ಕಳಿಸಿದರು. ಕೆನಡಾದ ಸಂಸತ್ತಿನಲ್ಲಿ ಪ್ರಧಾನಿ ಕ್ಷಮೆ ಕೇಳಿದ್ದು 2016ರಲ್ಲಿ.

● ನಮ್ಮವರು ‘ಬಿಳಿಯರೇ’? 1920ರ ದಶಕದ ಅಮೆರಿಕದಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. ವಲಸೆ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ನಾಗರಿಕರಾಗಬಹುದಿತ್ತು. 1922ರಲ್ಲಿ ಜಪಾನಿನ ಒಜಾವಾ ಕೋರ್ಟಿನ ಮುಂದೆ ನಿಂತು, ನನ್ನ ಚರ್ಮ ಬಿಳಿ ಎಂದರು. ಚರ್ಮದ ಬಣ್ಣ ಮುಖ್ಯವಲ್ಲ, ನೀನು ಕಕೇಸಿಯನ್ ಜನಾಂಗದವನಲ್ಲ ಎಂದಿತು ಸುಪ್ರೀಂ ಕೋರ್ಟ್. ಮೂರು ತಿಂಗಳ ಬಳಿಕ, 1923ರಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಂದರು. ಜನಾಂಗಶಾಸ್ತ್ರದ ಪ್ರಕಾರ ನಾನು ಕಕೇಸಿಯನ್ ಎಂದರು. ಶಾಸ್ತ್ರ ಹೇಳಿದರೇನು, ಸಾಮಾನ್ಯ ಜನರ ಕಣ್ಣಿಗೆ ನೀನು ಬಿಳಿಯನಲ್ಲ ಎಂದಿತು ಅದೇ ಕೋರ್ಟ್. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಂದರೆ ಸ್ವತಃ ವಲಸಿಗರು!

ಮುಂದಿನದು ಇನ್ನೂ ಕಟು. ಅದಾಗಲೇ ನಾಗರಿಕರಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಈ ತೀರ್ಪು ಹಿಡಿದು ರದ್ದು ಮಾಡಿಸಿದರು. ಕಾಗದಪತ್ರ ಎಲ್ಲ ಸರಿಯಾಗಿ ಇಟ್ಟುಕೊಂಡವರೇ ಅವರು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದರು. ಯುದ್ಧಕ್ಕೆ ಹೋದವರಿಗೆಂದು ಮಾಡಿದ ಬೇರೊಂದು ಕಾನೂನಿನಡಿ ಅವರಿಗೆ ಪೌರತ್ವ ಕೊನೆಗೂ ಉಳಿದದ್ದು 1936ರಲ್ಲಿ.

● ಅದೇ 1920ರ ದಶಕದಲ್ಲಿ ಭಾರತೀಯನನ್ನು ಮದುವೆಯಾದ ಅಮೆರಿಕದ ಹೆಣ್ಣುಮಗಳು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಈ ನಿಯಮ ಹೋದದ್ದು 1931ರಲ್ಲಿ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ನಮ್ಮ ಹಳೇ ಮಾತಿಗೆ ಅಲ್ಲಿ ಸರ್ಕಾರಿ ಮೊಹರೇ ಇತ್ತು.

● 1924ರ ಕಾನೂನು ದೇಶವಾರು ಕೋಟಾ ತಂದಿತು. 1890ರ ಜನಗಣತಿಯಲ್ಲಿ ಯಾವ ದೇಶದವರು ಎಷ್ಟಿದ್ದರೋ ಅದರ ಶೇ. 2. 1920ರ ಹೊಸ ಜನಗಣತಿ ಕೈಯಲ್ಲಿರುವಾಗ ಮೂವತ್ತು ವರ್ಷ ಹಳೆಯದು ಯಾಕೆ? ಇಟಲಿಯವರೂ ಪೂರ್ವ ಯುರೋಪಿನ ಯಹೂದಿಗಳೂ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ವರ್ಷ ಹಿಂದಕ್ಕೆ ತಿರುಗಿಸಿದರೆ ಅವರ ಕೋಟಾ ತಾನೇ ಕರಗುತ್ತದೆ. ಗಡಿ ಕಾಯುವ ಬಾರ್ಡರ್ ಪೆಟ್ರೋಲ್ ಹುಟ್ಟಿದ್ದೂ ಅದೇ ವರ್ಷ. ಮೆಕ್ಸಿಕೋ ಸೇರಿದಂತೆ ಅಮೆರಿಕ ಖಂಡದ ದೇಶಗಳಿಗೆ ಮಾತ್ರ ಕೋಟಾ ಇರಲಿಲ್ಲ. ಹೊಲದ ಕೂಲಿಗೆ ಆಳು ಬೇಕಿತ್ತಲ್ಲ!

● 1946ರಲ್ಲಿ ಭಾರತೀಯರಿಗೆ ಬಾಗಿಲು ತೆರೆಯಿತು: ವರ್ಷಕ್ಕೆ 100 ಜನ. ಸೊನ್ನೆ ಬಿಟ್ಟುಹೋಗಿಲ್ಲ, ಬರೀ ನೂರು. ಮೈಸೂರಿನ ಎ. ಕೆ. ರಾಮಾನುಜನ್ 1950ರ ದಶಕದ ಕೊನೆಯಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದಾಗ ಇದ್ದ ಕೋಟಾ ಅದೇ. ವಿದ್ಯಾರ್ಥಿಗಳು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ, ನಮ್ಮ ಪುಣ್ಯ. 1920ರಲ್ಲಿ ವಿದ್ಯಾರ್ಥಿಯಾಗಿ ಹೋದ ಪಂಜಾಬಿನ ದಲೀಪ್ ಸಿಂಗ್ ಸೌಂಡ್ ನಾಗರಿಕರಾದದ್ದು 1949ರಲ್ಲಿ. ಏಳು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದರು.

● 1942ರಿಂದ 1964ರವರೆಗೆ ‘ಬ್ರಸೆರೊ’ ಯೋಜನೆಯಡಿ ಮೆಕ್ಸಿಕೋದ ಕೂಲಿಗಳು ಕರಾರುಪತ್ರ ಹಿಡಿದು ಬಂದು, ಬೆಳೆ ಕೊಯ್ದು, ಊರಿಗೆ ಮರಳುತ್ತಿದ್ದರು. ಒಟ್ಟು ಕರಾರುಗಳು 45 ಲಕ್ಷಕ್ಕೂ ಹೆಚ್ಚು. 1964ರ ಕೊನೆಗೆ ಯೋಜನೆ ನಿಂತಿತು. 1965ರ ಕಾನೂನು ಮೊದಲ ಬಾರಿಗೆ ಅಮೆರಿಕ ಖಂಡದ ದೇಶಗಳ ವಲಸೆಗೂ ಮಿತಿ ಹಾಕಿತು. ಟೊಮೆಟೊ ಮಾತ್ರ ಅದೇ ತಿಂಗಳಲ್ಲಿ ಹಣ್ಣಾಗುತ್ತಿತ್ತು, ಕೊಯ್ಯಲು ಅದೇ ಕೂಲಿಯವ ಬರುತ್ತಿದ್ದ, ಧಣಿಯೂ ಅವನೇ. ಬದಲಾದದ್ದು ಕೂಲಿಯವನ ಜೇಬಿನ ಕಾಗದ.

ತಮಾಷೆಯೆಂದರೆ, ನಮ್ಮವರಿಗೆ ಬಾಗಿಲು ಅಗಲವಾದದ್ದೂ ಈ 1965ರ ಕಾನೂನಿನಿಂದಲೇ. ನೆಂಟಸ್ತಿಕೆಗೆ ಆದ್ಯತೆ ಕೊಟ್ಟರೆ ಯುರೋಪಿನವರ ನೆಂಟರೇ ಬರುತ್ತಾರೆ ಎಂಬ ಲೆಕ್ಕ ಹಾಕಿ ಅದಕ್ಕೆ ಒಪ್ಪಿದವರಿದ್ದರು. ಆದರೆ ಆ ಹೊತ್ತಿಗೆ ಯುರೋಪಿನವರಿಗೆ ಊರು ಬಿಡುವ ಅವಸರ ಇರಲಿಲ್ಲ. ನಮ್ಮ ಡಾಕ್ಟರು ಎಂಜಿನಿಯರುಗಳಿಗೆ ಇತ್ತು. ಒಬ್ಬ ಹೋಗಿ ತಮ್ಮನನ್ನು, ತಮ್ಮ ಹೆಂಡತಿಯನ್ನು, ಅವಳು ಅಮ್ಮನನ್ನು…

● ಈಗ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಯಾವ ಕನ್ನಡ ಮನೆಯಲ್ಲೂ ರಾಜ್ಯೋತ್ಸವಕ್ಕಿಂತ ಹೆಚ್ಚು ಸಲ ಬರುವ ವಿಷಯಕ್ಕೆ ಬರೋಣ. ‘ನಿಮ್ಮ ಡೇಟ್ ಕರೆಂಟ್ ಆಯ್ತಾ?’ ಅಂದರೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಮ್ಮ ಸರದಿ ಬಂತಾ?

ಗ್ರೀನ್ ಕಾರ್ಡು ಎಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿ. ಉದ್ಯೋಗದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000. ಹೆಂಡತಿ ಮಕ್ಕಳ ಕಾರ್ಡೂ ಅದರಲ್ಲೇ. ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚಿಲ್ಲ, ಅಂದರೆ 9,800ರ ಆಸುಪಾಸು. 140 ಕೋಟಿ ಜನರ ಭಾರತಕ್ಕೂ ಇದೇ ಮಿತಿ, 4 ಲಕ್ಷ ಜನರ ಐಸ್‌ಲ್ಯಾಂಡಿಗೂ ಇದೇ ಮಿತಿ. ಬೇರೆಯವರು ಬಿಟ್ಟ ಉಳಿಕೆ ಒಮ್ಮೊಮ್ಮೆ ಇತ್ತ ಹರಿದು ಬರುತ್ತದೆ, ಅಷ್ಟೆ. 2025ರ ಮಧ್ಯದಲ್ಲಿ ಇಬಿ-2 ಎಂಬ ವರ್ಗದಲ್ಲಿ ಭಾರತೀಯರ ಸರದಿ 2013ರ ಜನವರಿಗೆ ಬಂದು ನಿಂತಿತ್ತು. ಹೊಸದಾಗಿ ಸಾಲಿಗೆ ಸೇರುವ ಭಾರತೀಯ 134 ವರ್ಷ ಕಾಯಬೇಕು ಎಂದು ಕೇಟೋ ಎಂಬ ಚಿಂತಕರ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತ್ತು. ಕಾಯುತ್ತಲೇ ತೀರಿಕೊಳ್ಳುವವರ ಅಂದಾಜು 4 ಲಕ್ಷಕ್ಕೂ ಹೆಚ್ಚು. 2023ರಿಂದ ನೂರಾ ಮೂವತ್ತನಾಲ್ಕು ವರ್ಷ ಹಿಂದಕ್ಕೆ ಹೋದರೆ ಎಲ್ಲಿಸ್ ದ್ವೀಪದ ಕೇಂದ್ರವೇ ತೆರೆದಿರಲಿಲ್ಲ ಸ್ವಾಮಿ.

ಇಲ್ಲಿ ‘ದೇಶ’ ಎಂದರೆ ಪಾಸ್‌ಪೋರ್ಟಿನ ದೇಶವಲ್ಲ, ಹೆರಿಗೆಯಾದ ದೇಶ. ದಾವಣಗೆರೆಯಲ್ಲಿ ಹುಟ್ಟಿದ ಅಕ್ಕ ಭಾರತದ ಸಾಲಿನಲ್ಲಿ. ಅಪ್ಪ ದುಬೈಯಲ್ಲಿ ಕೆಲಸದಲ್ಲಿದ್ದಾಗ ಅಲ್ಲಿ ಹುಟ್ಟಿದ ತಮ್ಮ ಯುಎಇ ಸಾಲಿನಲ್ಲಿ. ಆ ಸಾಲಿನಲ್ಲಿ ನೂಕುನುಗ್ಗಲಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ಸಾಲನ್ನು ಇಬ್ಬರೂ ಬಳಸಿಕೊಳ್ಳಬಹುದು. ಜಾತಕದಲ್ಲಿ ನಕ್ಷತ್ರ ಪಾದ ನೋಡುವವರು ಇನ್ನು ಮೇಲೆ ಹುಟ್ಟಿದ ಆಸ್ಪತ್ರೆ ಯಾವ ದೇಶದ್ದೆಂದೂ ಕೇಳುವುದು ಒಳ್ಳೆಯದು.

● ಸಾಲಿನಲ್ಲಿದ್ದವರಿಗೆ ಕೆಲಸ ಹೋದರೆ? ಹೆಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದವರಿಗೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಗಂಟು ಕಟ್ಟಬೇಕು. ಮನೆ ಸಾಲ, ಮಕ್ಕಳ ಸ್ಕೂಲು ಎಲ್ಲ ಇದ್ದೂ ಸಕ್ರಮಕ್ಕೂ ಅಕ್ರಮಕ್ಕೂ ನಡುವೆ ಇರುವ ಅಂತರ ಎರಡು ತಿಂಗಳು.

● ಮುಂದಿನದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. 2012ರಲ್ಲಿ ಒಬಾಮ ಸರ್ಕಾರ ತಂದ ‘ಡಾಕಾ’ ಯೋಜನೆ ಎಳೆಯ ವಯಸ್ಸಿನಲ್ಲಿ ಬಂದ, ಕಾಗದವಿಲ್ಲದ ಮಕ್ಕಳನ್ನು ಗಡೀಪಾರಿನಿಂದ ಕಾಯಲೆಂದು ಹುಟ್ಟಿದ್ದು. ಒಂದು ಷರತ್ತು: 2012ರ ಜೂನ್ 15ರಂದು ಆ ಮಗುವಿಗೆ ಅಧಿಕೃತ ವೀಸಾ ಇರಬಾರದು. ಅಂದರೆ ಹೆಚ್-1ಬಿ ಅಪ್ಪನ ಜತೆ ಕ್ರಮವಾಗಿ ಬಂದು, ಕ್ರಮವಾಗಿಯೇ ಬೆಳೆದ ಮಗುವಿಗೆ ಡಾಕಾ ಇಲ್ಲ. ಅಪ್ಪನ ಗ್ರೀನ್ ಕಾರ್ಡು ಬರುವ ಮೊದಲೇ ಮಗಳಿಗೆ 21 ತುಂಬಿದರೆ ಅವಳು ಅಪ್ಪ-ಅಮ್ಮನ ವೀಸಾದ ಆಸರೆಯಿಂದ ಹೊರಗೆ. ವಿದೇಶಿ ವಿದ್ಯಾರ್ಥಿನಿಯಾಗಬೇಕು ಅಥವಾ ಎರಡು ವರ್ಷದವಳಿದ್ದಾಗ ಬಿಟ್ಟ ಬೆಂಗಳೂರಿಗೆ ಹೊರಡಬೇಕು. ‘ಕಾನೂನು ಪಾಲಿಸಿದ್ದೇ ತಪ್ಪಾಯ್ತು’ ಎಂದು ಇಂಥ ಮನೆಯವರು ಹೇಳಿದರೆ ಅದು ಹೊಟ್ಟೆಕಿಚ್ಚಲ್ಲ, ಲೆಕ್ಕ. ಆದರೆ ಆ ಲೆಕ್ಕದಲ್ಲಿ ಡಾಕಾ ಸಿಕ್ಕ ಮೆಕ್ಸಿಕೋದ ಹುಡುಗನ ಪಾಲು ಎಲ್ಲೂ ಇಲ್ಲ. ಅವಳ ಕಾರ್ಡನ್ನು ಅವನು ಕಿತ್ತುಕೊಂಡಿಲ್ಲ. ಶೇ. 7ರ ಗೆರೆ ಬೇರೆ, ಡಾಕಾ ಬೇರೆ.

● ‘ಅಕ್ರಮವಾಗಿ ಬಂದವರು ನಮ್ಮ ಹಾಗೆ ಕ್ಯೂನಲ್ಲಿ ನಿಲ್ಲಲಿ’ ಎಂಬ ಮಾತೂ ಅಲ್ಲಿ ಕೇಳಿಬರುತ್ತದೆ. ಯಾವ ಕ್ಯೂ? ಪದವಿ ಇಲ್ಲದ, ವಿಶೇಷ ತರಬೇತಿ ಬೇಡದ ಕೆಲಸಗಳಿಗೆ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಗರಿಷ್ಠ 10,000 ಗ್ರೀನ್ ಕಾರ್ಡು. ಕುಟುಂಬದವರ ಲೆಕ್ಕವೂ ಅದರೊಳಗೇ. ಇತ್ತ ಹೊಲಗಳಲ್ಲಿ ಬೆಳೆ ಕೊಯ್ಯುವವರಲ್ಲಿ ನೂರಕ್ಕೆ 40ರಷ್ಟು ಜನ ಕಾಗದವಿಲ್ಲದವರು ಎನ್ನುತ್ತವೆ ಸರ್ಕಾರದ್ದೇ ಸಮೀಕ್ಷೆಗಳು.

● 1990ರ ಕಾನೂನು ಗ್ರೀನ್ ಕಾರ್ಡ್ ಲಾಟರಿಯನ್ನೂ ಶುರುಮಾಡಿತು. ವರ್ಷಕ್ಕೆ 55,000. ಹೈಸ್ಕೂಲು ಮುಗಿಸಿದ್ದರೆ ಸಾಕಿತ್ತು, ಆದರೆ ಹೆಚ್ಚು ವಲಸಿಗರನ್ನು ಕಳಿಸುವ ದೇಶದವರಿಗೆ ಅವಕಾಶವಿರಲಿಲ್ಲ. ಹೀಗಾಗಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟು ಕಾಯುವ ನೇಪಾಳದ ಹುಡುಗ ಅರ್ಜಿ ಹಾಕಬಹುದಿತ್ತು. ಎಂಟನೇ ಮಹಡಿಯ ಸಾಫ್ಟ್‌ವೇರ್ ಇಂಜಿನಿಯರು ಹಾಕುವಂತಿರಲಿಲ್ಲ.

● ಕ್ಯೂಬಾದವರಿಗೆ ಪಾದದ ಲೆಕ್ಕ. 1995ರಿಂದ 2017ರವರೆಗೆ ಸಮುದ್ರದಲ್ಲಿ ಸಿಕ್ಕಿಬಿದ್ದರೆ ವಾಪಸ್. ಫ್ಲಾರಿಡಾದ ಮರಳಿನ ಮೇಲೆ ಕಾಲಿಟ್ಟರೆ ಒಳಗೆ, ಒಂದು ವರ್ಷದ ಬಳಿಕ ಗ್ರೀನ್ ಕಾರ್ಡಿಗೂ ಅರ್ಜಿ. ಹೆಸರೇ ‘ಒದ್ದೆ ಪಾದ, ಒಣ ಪಾದ’ ನೀತಿ.

● ದುಡ್ಡಿದ್ದರೆ? ಹಣ ಹೂಡಿ ಗ್ರೀನ್ ಕಾರ್ಡು ಪಡೆಯುವ ಇಬಿ-5 ವರ್ಗದ ಕನಿಷ್ಠ ದರ 2022ರಲ್ಲಿ 8 ಲಕ್ಷ ಡಾಲರ್ ಆಯಿತು. 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಒಂದೇ ದಿನ ಎರಡು ಕಾಗದಕ್ಕೆ ಸಹಿ ಹಾಕಿದರು: ಹೊಸ ಹೆಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ; 10 ಲಕ್ಷ ಡಾಲರ್ ಕೊಟ್ಟವರಿಗೆ ‘ಗೋಲ್ಡ್ ಕಾರ್ಡ್’. ದೇವಸ್ಥಾನದ ವಿಶೇಷ ದರ್ಶನದ ಸಾಲು ನಮಗೆ ಹೊಸದಲ್ಲ ಬಿಡಿ.

● ಅಮೆರಿಕದ ದೊಡ್ಡ ಅಕ್ರಮ-ಸಕ್ರಮ ನಡೆದದ್ದು 1986ರಲ್ಲಿ, ರೇಗನ್ ಕಾಲದಲ್ಲಿ. ಕಟ್-ಆಫ್ 1982ರ ಜನವರಿ 1. ಹೊಲದ ಕೂಲಿಗಳಿಗೆ ಬೇರೆ ನಿಯಮ. ಸುಮಾರು 27 ಲಕ್ಷ ಜನ ಸಕ್ರಮರಾದರು. ಬದಲಿಗೆ ಕಾಗದವಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಧಣಿಗೆ ಶಿಕ್ಷೆ ಎಂಬ ಮಾತಾಗಿತ್ತು. ಮೊದಲರ್ಧ ನಡೆಯಿತು, ಎರಡನೆಯದು ಕಡತದಲ್ಲೇ ಮಲಗಿತು. ಅವತ್ತಿನಿಂದ ಯಾರು ಸಕ್ರಮದ ಮಾತೆತ್ತಿದರೂ ಎದುರಿನವರು 1986 ಎನ್ನುತ್ತಾರೆ. ಅವರ ಅನುಮಾನಕ್ಕೂ ಕಾರಣವಿದೆ.

● 1996ರ ಇನ್ನೊಂದು ಕಾನೂನು: ಕಾಗದವಿಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಇದ್ದು ದೇಶ ಬಿಟ್ಟರೆ, ಹತ್ತು ವರ್ಷ ಮರಳುವಂತಿಲ್ಲ. ಗಡಿಯಾರ ಓಡಲು ಶುರುವಾಗುವುದು ಬಿಟ್ಟು ಹೋದಾಗ. ಜನ ಏನು ಮಾಡಿದರು? ಹೋಗಲೇ ಇಲ್ಲ. ಓಡಿಸಲೆಂದು ಮಾಡಿದ ಕಾನೂನೇ ಕಟ್ಟಿಹಾಕಿತು.

● ವಿಮಾನದಲ್ಲಿ ವೀಸಾ ತೋರಿಸಿ ಬಂದು ಅವಧಿ ಮೀರಿ ಉಳಿದವನು, ಮರುಭೂಮಿ ನಡೆದು ಗಡಿ ದಾಟಿದವನು. ಇಬ್ಬರೂ ಅಮೆರಿಕದ ಪ್ರಜೆಯನ್ನು ಮದುವೆಯಾದರೆ ಮೊದಲನೆಯವನು ಸಾಮಾನ್ಯವಾಗಿ ಅಲ್ಲೇ ಕುಳಿತು ಗ್ರೀನ್ ಕಾರ್ಡು ಪಡೆಯಬಹುದು. ಎರಡನೆಯವನು ದೇಶ ಬಿಟ್ಟು ಹೋಗಬೇಕು, ಮೇಲಿನ ಹತ್ತು ವರ್ಷದ ಬೋನಿಗೆ ಬೀಳಬೇಕು.

● ಅವಧಿ ಮೀರಿ ಉಳಿಯುವುದು ಅಮೆರಿಕದಲ್ಲಿ ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ತಪ್ಪು. ಕೇಳಲು ಮೆತ್ತಗಿದೆ. ಆದರೆ ಸಿವಿಲ್ ಆದ್ದರಿಂದಲೇ ಸರ್ಕಾರ ವಕೀಲರನ್ನು ಕೊಡಬೇಕಾಗಿಲ್ಲ. ಒಬ್ಬಂಟಿಯಾಗಿ ಬಂದ ಮಕ್ಕಳೂ ವಕೀಲರಿಲ್ಲದೆ ನ್ಯಾಯಾಧೀಶರ ಮುಂದೆ ನಿಂತದ್ದಿದೆ. ಆ ವಲಸೆ ನ್ಯಾಯಾಧೀಶರು ಕೆಲಸ ಮಾಡುವುದೂ ಸರ್ಕಾರದ ಇಲಾಖೆಯ ಕೈಕೆಳಗೆ. 2024ರ ಕೊನೆಗೆ ಬಾಕಿ ಇದ್ದ ಕೇಸು 35 ಲಕ್ಷಕ್ಕೂ ಹೆಚ್ಚು.

● ಕಾಗದವಿಲ್ಲದವರು ತೆರಿಗೆ ಕಟ್ಟುತ್ತಾರೆಯೇ? ಕಟ್ಟುತ್ತಾರೆ. ಅದಕ್ಕೆಂದೇ 9ರಿಂದ ಶುರುವಾಗುವ ಬೇರೆ ನಂಬರನ್ನು ತೆರಿಗೆ ಇಲಾಖೆ ಕೊಡುತ್ತದೆ. 2022ರಲ್ಲಿ ಅವರು ಕಟ್ಟಿದ್ದು 9,670 ಕೋಟಿ ಡಾಲರ್ ಎಂದು ಐಟೆಪ್ ಎಂಬ ತೆರಿಗೆ ಅಧ್ಯಯನ ಸಂಸ್ಥೆಯ ಅಂದಾಜು. ಅದರಲ್ಲಿ ಪಿಂಚಣಿ ನಿಧಿಗೆ ಹೋದ ಪಾಲೂ ಇದೆ. ಆ ಪಿಂಚಣಿ ಅವರಿಗೆ ಬರುವುದಿಲ್ಲ.

● ಅಮೆರಿಕದಲ್ಲಿ ಕಾಗದವಿಲ್ಲದ ಭಾರತೀಯರು ಎಷ್ಟು? 2022ಕ್ಕೆ ಪ್ಯೂ ಸಂಶೋಧನಾ ಕೇಂದ್ರದ ಅಂದಾಜು 7,25,000. ಅದೇ ವರ್ಷಕ್ಕೆ ಅಮೆರಿಕದ ಗೃಹಭದ್ರತಾ ಇಲಾಖೆಯ ಅಂದಾಜು ಸುಮಾರು 2,20,000. ಟಿವಿ ಚರ್ಚೆಯಲ್ಲಿ ಯಾರಾದರೂ ಕೈ ಬೀಸಿ ಒಂದೇ ಅಂಕಿ ಹೇಳಿದರೆ ಅನುಮಾನಿಸಿ.

● ಇವರಲ್ಲಿ ಅನೇಕರ ದಾರಿ ‘ಡಂಕಿ’. ಪಂಜಾಬಿಯಲ್ಲಿ ಊರಿಂದೂರಿಗೆ ಕುಪ್ಪಳಿಸಿಕೊಂಡು ಹೋಗುವುದು. 2022ರ ಜನವರಿಯಲ್ಲಿ ಗುಜರಾತಿನ ಡಿಂಗುಚಾ ಊರಿನ ಗಂಡ, ಹೆಂಡತಿ, ಇಬ್ಬರು ಮಕ್ಕಳು ಕೆನಡಾದ ಗಡಿಯ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. 2023ರ ಡಿಸೆಂಬರಿನಲ್ಲಿ ನಿಕರಾಗುವಾಕ್ಕೆ ಹೊರಟಿದ್ದ 303 ಜನರ ವಿಮಾನವನ್ನು ಫ್ರಾನ್ಸ್ ತಡೆದು ನಿಲ್ಲಿಸಿತು, ಹೆಚ್ಚಿನವರು ಭಾರತೀಯರೇ. 2025ರ ಫೆಬ್ರುವರಿ 5ರಂದು 104 ಮಂದಿಯನ್ನು ಹೊತ್ತ ಸೇನಾ ವಿಮಾನ ಅಮೃತಸರದಲ್ಲಿಳಿಯಿತು. ಹೆಚ್ಚಿನವರಿಗೆ ದಾರಿಯುದ್ದಕ್ಕೂ ಕೈಗೆ ಕೋಳ, ಕಾಲಿಗೆ ಸರಪಳಿ.

● ಮಂಗಳೂರು, ಉಡುಪಿ, ಭಟ್ಕಳದವರಿಗೆ ಈ ಪುರಾಣ ಬೇರೆ ರೂಪದಲ್ಲಿ ಗೊತ್ತು. ಗಲ್ಫಿನಲ್ಲಿ ಕಫಾಲಾ ಪದ್ಧತಿ ಬಿಗಿಯಾಗಿದ್ದ ಕಾಲದಲ್ಲಿ ವೀಸಾ ಕೊಡಿಸಿದ ಕಫೀಲನನ್ನು ಬಿಟ್ಟು ಬೇರೆಡೆ ಕೆಲಸಕ್ಕೆ ಸೇರಿದರೆ ‘ಓಡಿಹೋದವನು’ ಎಂದು ದೂರು. ಅಲ್ಲಿಗೆ ಸಕ್ರಮ ಮುಗಿಯಿತು. ಸಂಬಳ ಕೊಡದ ಧಣಿಯನ್ನು ಬಿಟ್ಟವನಿಗೂ ಅದೇ ಹಣೆಪಟ್ಟಿ. ಅಲ್ಲಿಯ ಸರ್ಕಾರಗಳು ಆಗಾಗ ಕ್ಷಮಾದಾನದ ಅವಧಿ ಸಾರುತ್ತವೆ. ಯುಎಇ 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಕೊಟ್ಟಿತ್ತು.

● 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ, ಜೀವಭಯದಿಂದ ನೇರವಾಗಿ ಓಡಿಬಂದು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದವರನ್ನು ಕಾಗದವಿಲ್ಲದೆ ಬಂದರೆಂದು ಶಿಕ್ಷಿಸಬಾರದು. ಭಾರತ ಇದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದರೂ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟಿನವರು 1960ರ ದಶಕದಿಂದ ಮೆಕ್ಕೆಜೋಳ ಬೆಳೆದುಕೊಂಡಿದ್ದಾರೆ.

● 1929ರಲ್ಲಿ ಅಮೆರಿಕ ಮಾಡಿದ ಒಂದು ಸಣ್ಣ ನಿಯಮ ಇನ್ನೂ ಪುಸ್ತಕದಲ್ಲಿದೆ. ಬಹುಕಾಲದಿಂದ ನೆಲೆಸಿ ಸರಿಯಾಗಿ ಬಾಳಿದವರು, ಹೇಗೆ ಬಂದಿದ್ದರೂ, ನೋಂದಣಿ ಮಾಡಿಸಿಕೊಂಡು ಗ್ರೀನ್ ಕಾರ್ಡು ಪಡೆಯಬಹುದು. ಕಟ್-ಆಫ್ ದಿನವನ್ನು ಆಗಾಗ ಮುಂದಕ್ಕೆ ತರುತ್ತಿದ್ದರು. ಕೊನೆಯ ಸಲ ತಂದದ್ದು 1986ರಲ್ಲಿ, ನಿಂತಿರುವುದು 1972ರ ಜನವರಿ 1ರಲ್ಲಿ. ಅದಕ್ಕಿಂತ ಮೊದಲು ಬಂದು ಅಲ್ಲೇ ಇರುವವರು ಈಗ ಅರ್ಜಿ ಹಾಕಬಹುದು. ಊರುಗೋಲು ಹಿಡಿದುಕೊಂಡು.

● ಕೊನೆಯದಾಗಿ ಮತ್ತೆ ಎಲ್ಲಿಸ್ ದ್ವೀಪ. ಮೂಲದಲ್ಲಿ ಅದು 3 ಎಕರೆಯ ಗುಡ್ಡೆ. ಸಮುದ್ರಕ್ಕೆ ಮಣ್ಣು ತುಂಬಿಸಿ 27 ಎಕರೆ ಮಾಡಿದರು. ಆ ಹೆಚ್ಚುವರಿ ಜಾಗ ಯಾರದ್ದು ಎಂದು ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಇಷ್ಟು ವರ್ಷದಿಂದ ನಾವೇ ಅನುಭವದಲ್ಲಿದ್ದೇವೆ, ಯಾರೂ ತಕರಾರು ಮಾಡಿರಲಿಲ್ಲ ಎಂಬುದು ನ್ಯೂಯಾರ್ಕಿನ ವಾದ. ಬಗರ್ ಹುಕುಂ ಸಮಿತಿಯ ಮುಂದೆ ಹೇಳುವ ಅದೇ ಮಾತು! 1998ರಲ್ಲಿ ತೀರ್ಪು ಬಂತು: ತುಂಬಿಸಿದ ನೆಲವೆಲ್ಲ ನ್ಯೂಜೆರ್ಸಿಗೆ. ನ್ಯೂಯಾರ್ಕಿನ ವಾದ ವಜಾ.